ಹ್ಯಾಟ್ರಿಕ್ ಅಂದ್ರ ಯಾವುದು, ಯಾವುದಲ್ಲ?

ಎಕಂಬಾದ ಗೆಳೆಯರೇ, ಮ್ಯಾಚಿನಾಗ ಸಾಲಾಗಿ ಮೂರು ವಿಕೆಟ್ ಬಿದ್ದವಾ? ಕೂಗಬ್ಯಾಡ್ರಿ, ತಡೀರಿ. ಅದರಾಗ ರನೌಟ್ ಇದ್ರ ಅದು ಹ್ಯಾಟ್ರಿಕ್ ಅಲ್ಲ. ಒಬ್ಬನೇ ಬೌಲರ್, ಸತತ ಮೂರು ಎಸೆತ, ಮೂರೂ ವಿಕೆಟ್ ಅವನ ಖಾತೆಗೇ ಬರಬೇಕು. ನಡುವ ಓವರ್ ಮುಗಿದ್ರೂ ಚಿಂತಿ ಇಲ್ಲ. ಅವನ ಮುಂದಿನ ಓವರಿನಾಗ ಲೆಕ್ಕ ಮುಂದುವರೀತದ.

ನಮ್ಮ ಕರ್ನಾಟಕದ ಬೌಲರ್ ಅಭಿಮನ್ಯು ಮಿಥುನ್‌ಗ ನೋಡ್ರಿ. 2009ರಾಗ ರಣಜಿಯ ಮೊದಲ ಪಂದ್ಯದಾಗೇ ಹ್ಯಾಟ್ರಿಕ್. 2019ರ ಅಕ್ಟೋಬರ್ 25, ಅವರ ಹುಟ್ಟಿದ ದಿನ, ವಿಜಯ್ ಹಜಾರೆ ಟ್ರೋಫಿ ಫೈನಲ್, ತಮಿಳುನಾಡು ಮ್ಯಾಲೆ ಇನ್ನೊಂದು. ಮುಂದಿನ ತಿಂಗಳೇ ಮುಷ್ತಾಕ್ ಅಲಿ ಟ್ರೋಫಿ ಸೆಮಿಫೈನಲ್‌ನಾಗ ಹರಿಯಾಣದ ಮ್ಯಾಲೆ ಮತ್ತೊಂದು. ಆ ಒಂದೇ ಓವರಿಗೆ ಐದು ವಿಕೆಟ್! ಇಂಥಾ ಓವರ್ ಮತ್ತ ಮತ್ತ ನೋಡಬೇಕು.

ಫುಟ್ಬಾಲಿನಾಗ ಸತತ ಬ್ಯಾಡ, ಒಂದೇ ಪಂದ್ಯದಾಗ ಒಬ್ಬನೇ ಮೂರು ಗೋಲು ಹೊಡೆದ್ರ ಸಾಕು. ಸಿನಿಮಾದಾಗ? ಮೊದಲ ಮೂರೂ ಚಿತ್ರ ಗೆದ್ದವು, ನಟ ಶಿವರಾಜ್‌ಕುಮಾರ್, ನಮ್ಮ ಶಿವಣ್ಣ, ಹ್ಯಾಟ್ರಿಕ್ ಹೀರೋ ಆದ್ರು.