ದೊಡ್ಡಮ್ಮನ ಇ.ಎಸ್.ಐ. ಚೀಟಿ ಎಲ್ಲಿದೆ, ಒಮ್ಮೆ ಕೇಳಿ

ಸೊಸೈಟಿಗೆ ಹಾಲು ಹಾಕಿದ ಮೇಲೆ ಸಿಗುವ ಚೀಟಿಯನ್ನು ನೀವು ಎಷ್ಟು ಜಾಗ್ರತೆಯಿಂದ ಓದುತ್ತೀರಿ! ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು. ಒಂದು ಪಾಯಿಂಟ್ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ಕೇಳದೆ ಮನೆಗೆ ಹೋಗುವವರಲ್ಲ ನಾವು. ಅದೇ ಕಣ್ಣು ಮನೆಯ ಹಿರಿಯರ ಇನ್ನೊಂದು ಚೀಟಿಯ ಮೇಲೂ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾರ್ಕಳ, ಕಾಪು, ಉಡುಪಿ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗೆ ಹೋಗುವ ಅಮ್ಮ, ಅತ್ತೆ, ದೊಡ್ಡಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ನಮ್ಮ ದೊಡ್ಡಮ್ಮನೂ ಅಂಥವರೇ. ವಯಸ್ಸು 58. ವರ್ಷಗಟ್ಟಲೆ ಕೂತು ಬೀಜ ಸುಲಿದು ಬೆನ್ನು ಹಿಡಿದುಕೊಂಡಿತು. ಮಣಿಪಾಲದಲ್ಲಿ ತೋರಿಸಿದಾಗ ಡಿಸ್ಕ್ ಜಾರಿದೆ, ಕೆಲಸಕ್ಕೆ ಹೋಗಬೇಡಿ ಎಂದರು. ಇ.ಎಸ್.ಐ. ಚಿಕಿತ್ಸಾಲಯದ ವೈದ್ಯರು ರಜೆಯ ಸರ್ಟಿಫಿಕೇಟ್ ಬರೆದುಕೊಟ್ಟರು. ದೊಡ್ಡಮ್ಮ ಅದನ್ನು ಎಕ್ಸ್‌ರೇ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟರು. ಕೇಳಿದರೆ, "ಅದು ಡಾಕ್ಟ್ರು ಕೊಟ್ಟ ಕಾಗದ, ಜೋಪಾನ ಮಾಡಿದ್ದೇನೆ" ಎಂದರು. ನನಗೆ ಗೊತ್ತಾಗುವಾಗ 22 ದಿನ ಕಳೆದಿತ್ತು.

ಆ ಕಾಗದ ಜೋಪಾನ ಮಾಡುವುದಕ್ಕಲ್ಲ, ಕೊಡುವುದಕ್ಕೆ. ಸರ್ಟಿಫಿಕೇಟ್ ಬರೆದ ದಿನದಿಂದ 3 ದಿನದೊಳಗೆ ಅದು ಇ.ಎಸ್.ಐ. ಶಾಖಾ ಕಚೇರಿಗೆ ತಲುಪಬೇಕು. ಕೈಯಲ್ಲೇ ಕೊಡಿ, ಇಲ್ಲವೇ ಅಂಚೆಯಲ್ಲಿ ಕಳಿಸಿ. ತಡವಾದರೆ ಕೊಟ್ಟ ದಿನದಿಂದ ಹಿಂದಕ್ಕೆ 3 ದಿನದ ಹಣಕ್ಕೆ ಮಾತ್ರ ಅರ್ಹತೆ, ಅದಕ್ಕೂ ಹಿಂದಿನದು ಹೋಯಿತು ಎಂಬುದು ನಿಯಮ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಡಿಲಿಸುವ ಅಧಿಕಾರವೂ ಕಚೇರಿಗೆ ಇದೆ. ನಾವು ಕಾರಣ ಬರೆದು, ಮಲಗಿದ್ದಲ್ಲಿಂದ ಏಳಲಾಗುತ್ತಿರಲಿಲ್ಲ ಎಂಬುದಕ್ಕೆ ಆಸ್ಪತ್ರೆಯ ಕಾಗದ ಲಗತ್ತಿಸಿ ಕೊಟ್ಟೆವು. ಒಪ್ಪಿಕೊಂಡರು. ಪ್ರತಿ ಸಲ ಒಪ್ಪುತ್ತಾರೆಂದು ನಂಬಿ ಕೂರಬೇಡಿ.

ಈ ಹಣ ಯಾರೋ ಕೊಡುವ ಧರ್ಮವಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇ.ಎಸ್.ಐ.ಗೆ ಸೇರುತ್ತಾರೆ. ಸಂಬಳದಲ್ಲಿ ನೂರಕ್ಕೆ 75 ಪೈಸೆ ಅವರದ್ದು ಮುರಿಯುತ್ತದೆ, ಮಾಲೀಕರು 3 ರೂಪಾಯಿ 25 ಪೈಸೆ ಸೇರಿಸುತ್ತಾರೆ. ಕಾಯಿಲೆಯಿಂದ ಮನೆಯಲ್ಲಿ ಕೂತಾಗ ಸರಾಸರಿ ದಿನಗೂಲಿಯ ಶೇಕಡಾ 70ರಷ್ಟು ಬ್ಯಾಂಕ್ ಖಾತೆಗೆ ಬರುತ್ತದೆ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ 2 ದಿನಕ್ಕೆ ಹಣವಿಲ್ಲ. ಹಿಂದಿನ ರಜೆ ಮುಗಿದು 15 ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ಆ 2 ದಿನವೂ ಕಡಿತವಾಗುವುದಿಲ್ಲ. ದಿನಕ್ಕೆ 400 ರೂಪಾಯಿ ಕೂಲಿ, 20 ದಿನದ ಸರ್ಟಿಫಿಕೇಟ್ ಎಂದಿಟ್ಟುಕೊಳ್ಳಿ: 18 ದಿನಕ್ಕೆ 280ರಂತೆ 5,040 ರೂಪಾಯಿ. ಒಂದು ದನದ ಹಿಂಡಿಯ ಖರ್ಚಿಗೆ ಎಷ್ಟು ದಿನ ಆಗುತ್ತದೆಂದು ನೀವೇ ಲೆಕ್ಕ ಹಾಕಿ.

ಆದರೆ ಒಂದು ಷರತ್ತು ಇದೆ, ನಮ್ಮ ಕಡೆಯವರು ಸೋಲುವುದು ಅಲ್ಲಿಯೇ. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ದುಡಿಮೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗಿನದಕ್ಕೆ. ಏಪ್ರಿಲ್, ಮೇ ಅಂದರೆ ಮದುವೆ, ಕೋಲ, ನೇಮ. ಜೂನ್, ಜುಲೈಯಲ್ಲಿ ನಾಟಿ. "ನಾಲ್ಕು ದಿನ ಗದ್ದೆಗೆ ಬಾ" ಎಂದು ಕರೆಯುವವರು ನಾವೇ ಅಲ್ಲವೇ? ಹಾಗೆ ನಾಲ್ಕು ಕಡೆ ನಾಲ್ಕು ನಾಲ್ಕು ದಿನ ಹೋದರೆ 78 ತುಂಬದೆ ಉಳಿಯುತ್ತದೆ, ಫೆಬ್ರವರಿಯಲ್ಲಿ ಜ್ವರ ಬಂದು ಮಲಗಿದಾಗ ಕೈಗೆ ಏನೂ ಸಿಗುವುದಿಲ್ಲ. ಎಷ್ಟು ದಿನ ಕಟ್ಟಿದೆ ಎಂಬುದನ್ನು ಕಾರ್ಡಿನ ನಂಬರ್ ಹಾಕಿ ಇ.ಎಸ್.ಐ.ಸಿ. ಜಾಲತಾಣದಲ್ಲಿ ನೋಡಬಹುದು. ನಿಮ್ಮ ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ, ಹತ್ತು ನಿಮಿಷದ ಕೆಲಸ.

ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಅಲ್ಲಿಯ ಡಿಸ್ಚಾರ್ಜ್ ಕಾಗದವೇ ಸಾಕೆಂದು ತಿಳಿಯಬೇಡಿ. ಅದನ್ನು ತೆಗೆದುಕೊಂಡು ಕಾರ್ಡಿನಲ್ಲಿ ಬರೆದಿರುವ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ, ಅಲ್ಲಿಯ ವೈದ್ಯರಿಂದಲೇ ಸರ್ಟಿಫಿಕೇಟ್ ಬರೆಸಿ. ಮೊದಲನೆಯದು ಮುಗಿಯುವ ಮುಂಚೆ ಮುಂದಿನದು, ಕೊನೆಗೆ ಕೆಲಸಕ್ಕೆ ಹೋಗಬಹುದು ಎಂಬ ಕೊನೆಯ ಸರ್ಟಿಫಿಕೇಟ್. ನಡುವೆ ಒಂದು ತಪ್ಪಿದರೂ ಅಷ್ಟು ದಿನ ಖಾಲಿ. ಪ್ರತಿಯೊಂದರ ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟ ತಾರೀಕನ್ನು ಅದರ ಹಿಂದೆ ಬರೆಯಿರಿ.

ಹೆಸರಿನ ಗೋಳು ಬೇರೆ. ನಮ್ಮ ಜಿಲ್ಲೆಯ ಹಳೆ ತಲೆಮಾರಿನ ಹೆಂಗಸರಿಗೆ ಆಧಾರ್‌ನಲ್ಲಿ ಪೂಜಾರ್ತಿ, ಬ್ಯಾಂಕಿನಲ್ಲಿ ಪೂಜಾರಿ, ಇ.ಎಸ್.ಐ. ಕಾರ್ಡಿನಲ್ಲಿ ಬರೀ ಒಂದು ಇನಿಶಿಯಲ್. ಶೆಡ್ತಿ, ಶೆಟ್ಟಿಯದ್ದೂ ಇದೇ ಕಥೆ. ಹುಷಾರಿರುವಾಗಲೇ ಸರಿ ಮಾಡಿಸಿ. ಬೆನ್ನು ನೋವಿನವರನ್ನು ಬಸ್ಸಿನಲ್ಲಿ ಮೂರು ಕಚೇರಿಗೆ ಸುತ್ತಿಸುವುದು ಎಷ್ಟು ಸಂಕಟ ಎಂದು ನಾನು ನೋಡಿದ್ದೇನೆ.

ರಜೆಯಲ್ಲಿರುವಾಗ ಅರ್ಧ ದಿನವೂ ಕಾರ್ಖಾನೆಗೆ ಹೋಗುವಂತಿಲ್ಲ, ಹೋದ ದಿನದ ಹಣ ಇಲ್ಲ. ಚಿಕಿತ್ಸೆ ಕೊಡುವವರ ಅನುಮತಿ ಇಲ್ಲದೆ ಊರು ಬಿಡುವಂತೆಯೂ ಇಲ್ಲ. ಮುಂಬಯಿಯ ಮಗಳು "ಇಲ್ಲಿಗೆ ಬಂದು ಒಂದು ತಿಂಗಳು ಇರು" ಎಂದು ಟಿಕೆಟ್ ಮಾಡಿಬಿಟ್ಟರೆ ಮೊದಲು ಡಾಕ್ಟರನ್ನು ಕೇಳಿ. ಗುಣವಾಗುವುದಕ್ಕೆ ಅಡ್ಡಿಯಾಗುವ ಕೆಲಸವೂ ಕೂಡದು. ಇದನ್ನು ನಾವೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಇದ್ದಾರಲ್ಲ ಎಂದು ಹುಲ್ಲಿನ ಹೊರೆ ಹೊರಿಸುವುದು, ಹಟ್ಟಿ ಗುಡಿಸಲು ಹೇಳುವುದು ಬೇಡ.

ಕಾಯಿಲೆ ದೊಡ್ಡದಾಗಿದ್ದರೆ 91 ದಿನಕ್ಕೆ ಮುಗಿಯಿತೆಂದು ಕೈಬಿಡಬೇಡಿ. ಕ್ಷಯ, ಕ್ಯಾನ್ಸರ್, ಪಕ್ಷವಾತ, ಮೂತ್ರಪಿಂಡದ ವೈಫಲ್ಯ, ಡಿಸ್ಕ್ ಜಾರುವುದು ಸೇರಿ 34 ಕಾಯಿಲೆಗಳ ಪಟ್ಟಿ ಇದೆ. ಅವುಗಳಿಗೆ ಶೇಕಡಾ 80ರ ದರದಲ್ಲಿ ಎರಡು ವರ್ಷದವರೆಗೂ ಮುಂದುವರಿಸಲು ಅವಕಾಶವಿದೆ. ಎರಡು ವರ್ಷ ಎಡೆಬಿಡದ ಕೆಲಸ, ಆ ನಾಲ್ಕು ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಇರಬೇಕು. ನಮ್ಮ ದೊಡ್ಡಮ್ಮನಿಗೆ ಇದು ತಿಳಿದೇ ಇರಲಿಲ್ಲ. "ಮೂರು ತಿಂಗಳಾಯಿತು, ಇನ್ನು ಕೇಳಿದರೆ ನಾಚಿಕೆ" ಎನ್ನುತ್ತಿದ್ದರು.

ನಮ್ಮ ಸಂಘದ ಮೂಲಕ ಮಾಡಿಸುವ ಯಶಸ್ವಿನಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಯಶಸ್ವಿನಿ ಆಸ್ಪತ್ರೆಯ ಬಿಲ್ಲಿಗೆ. ಕಳೆದುಹೋದ ಕೂಲಿ ಅದರಲ್ಲಿ ಬರುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಒಂದನ್ನು ಬಿಟ್ಟವರಿದ್ದಾರೆ.

ಇನ್ನು ಸಹಿ. ಅವರ ಪರವಾಗಿ ನೀವು ಹಾಕಬೇಡಿ. ಫಾರಂ ಓದಿ ಹೇಳಿ, ಒಪ್ಪಿದ ಮೇಲೆ ಅವರೇ ಹಾಕಲಿ, ಹೆಬ್ಬೆಟ್ಟಾದರೂ ಸರಿ. ಹಣ ಅವರ ಸ್ವಂತ ಖಾತೆಗೇ ಬರಲಿ, ಮಗನದ್ದಕ್ಕಲ್ಲ. ಏನಾದರೂ ಸಂಶಯವಿದ್ದರೆ ಇ.ಎಸ್.ಐ.ಸಿ.ಯ ಉಚಿತ ಸಂಖ್ಯೆ 1800-11-2526ಕ್ಕೆ ಫೋನ್ ಮಾಡಿ.

ದೊಡ್ಡಮ್ಮನಿಗೆ ನಿವೃತ್ತಿ ಹತ್ತಿರ ಬಂತು. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇ.ಎಸ್.ಐ. ಚಿಕಿತ್ಸೆ ಮುಂದುವರಿಯುತ್ತದೆ. ಕಡೆಯ ದಿನ ಕಾರ್ಖಾನೆಯಿಂದ ಬರುವಾಗ ಸೇವೆಯ ದಾಖಲೆ ಕೇಳಿ ತರಬೇಕೆಂದು ಅವರ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಹಾಲಿನ ಚೀಟಿ ಸಿಕ್ಕಿಸುವ ಕೊಂಡಿ ಇದೆಯಲ್ಲ, ಇ.ಎಸ್.ಐ. ಕಾಗದವೂ ಈಗ ಅದೇ ಗೋಡೆಯಲ್ಲಿ ತೂಗುತ್ತದೆ.