ಕಲಿಯುವವರ ಕಿವಿ, ಕಲಿಸುವವರ ಕಣ್ಣು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ಗೆ ಮೊದಲ ಸಲ ಹೋದವರಲ್ಲಿ ಹಲವರು ಎದುರು ಕೂತವರನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ. ಕಡೂರಿನಲ್ಲೋ ಬೀರೂರಿನಲ್ಲೋ ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಇಳಿದು, ಸಿಟಿ ಬಸ್ಸು ಹಿಡಿದು, ಸರದಿಯಲ್ಲಿ ನಿಂತು ಚೀಟಿ ಮಾಡಿಸಿ ಒಳಗೆ ಹೋದರೆ ಅಲ್ಲಿ ಇರುವುದು ಇಪ್ಪತ್ತೈದು ದಾಟಿರಬಹುದಾದ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಒಬ್ಬ ಹುಡುಗಿ. ‘ದೊಡ್ಡ ಡಾಕ್ಟ್ರು ಯಾವಾಗ ಸಿಗ್ತಾರಮ್ಮ?’ ಎಂದು ಮನೆಯವರು ಕೇಳುತ್ತಾರೆ. ಇಷ್ಟು ದೂರ ಬಂದದ್ದು ಕಲಿಯುವ ಹುಡುಗರ ಕೈಗೆ ಸಿಗುವುದಕ್ಕಾ ಎಂಬ ಬೇಸರ ಆ ಮಾತಿನಲ್ಲೇ ಇರುತ್ತದೆ.

ಬೇಸರ ಸಹಜ. ಆದರೆ ಕ್ಲಿನಿಕಲ್ ಸೈಕಾಲಜಿ ಕಲಿಯುತ್ತಿರುವ ಆ ಹುಡುಗಿ ಅಲ್ಲಿ ಕೂತಿರುವುದು ಹಿರಿಯರು ಬಿಡುವಾಗಿಲ್ಲ ಎಂಬ ಕಾರಣಕ್ಕೆ ಮಾತ್ರವಲ್ಲ. ಮನಸ್ಸಿನ ಕಾಯಿಲೆಗೆ ಬೇಕಾದ ಮುಖ್ಯ ಸಾಮಗ್ರಿ ಸಮಯ. ಹೊರರೋಗಿ ವಿಭಾಗದಲ್ಲಿ ನೂರಾರು ಜನರನ್ನು ನೋಡಬೇಕಾದ ಹಿರಿಯ ವೈದ್ಯರ ಹತ್ತಿರ ಅದು ಇರುವುದಿಲ್ಲ. ವಿದ್ಯಾರ್ಥಿಯ ಹತ್ತಿರ ಇರುತ್ತದೆ. ಆಕೆ ಮುಕ್ಕಾಲು ಗಂಟೆ, ಒಂದು ಗಂಟೆ ಕೂತು ಕೇಳುತ್ತಾಳೆ. ಕೇಳಿದ್ದನ್ನೆಲ್ಲ ಅನುಭವಿ ಮೇಲ್ವಿಚಾರಕರ ಮುಂದೆ ಇಡುತ್ತಾಳೆ. ಅಂದರೆ ನಿಮ್ಮ ಕಷ್ಟದ ಬಗ್ಗೆ ಒಬ್ಬರಲ್ಲ, ಇಬ್ಬರು ತಲೆ ಕೆಡಿಸಿಕೊಂಡಿರುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಸಾಧಾರಣ ಆದಾಯದ ಕುಟುಂಬಕ್ಕೆ ಇಷ್ಟು ಹೊತ್ತು, ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ಜವಾಬ್ದಾರಿಯಿಂದ ಕೇಳುವವರು ಬೇರೆಲ್ಲೂ ಸುಲಭಕ್ಕೆ ಸಿಗಲಾರರು. ಆದ್ದರಿಂದಲೇ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತಿರಬೇಕು.

ಅಜ್ಜಂಪುರದ ಕಡೆಯ ಒಬ್ಬ ಈರುಳ್ಳಿ ಬೆಳೆಗಾರರ ಹೆಂಡತಿ ಬಂದಿದ್ದಾರೆ ಎಂದುಕೊಳ್ಳೋಣ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಎರಡು ಮೂರು ಡಾಕ್ಟರ ಹತ್ತಿರ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಗಿದೆ, ‘ಏನೂ ಇಲ್ಲ’ ಎಂದು ಕಳಿಸಿದ್ದಾರೆ. ವಿದ್ಯಾರ್ಥಿನಿ ಮೊದಲು ಬರೆದುಕೊಳ್ಳುವುದು ಆ ತಾಯಿ ಹೇಳಿದ ಮಾತನ್ನು, ಅವರು ಹೇಳಿದ ಹಾಗೆಯೇ: ‘ಎದೆ ಮೇಲೆ ಯಾರೋ ಕಲ್ಲು ಇಟ್ಟಂಗಾಗುತ್ತೆ. ಕೈಕಾಲು ಸೋತು ಹೋಗುತ್ತೆ. ಯಾರ ಹತ್ರಾನೂ ಮಾತು ಬೇಡ ಅನ್ಸುತ್ತೆ.’ ಅದನ್ನು ತಿದ್ದಿ ‘ಖಿನ್ನತೆ’ ಎಂದು ಬರೆಯುವ ಅಧಿಕಾರ ಆಕೆಗೆ ಆ ಹಂತದಲ್ಲಿ ಇಲ್ಲ. ಯಾವಾಗಿನಿಂದ ಹೀಗೆ, ಅದಕ್ಕೆ ಮೊದಲು ಏನಾಯಿತು, ಮನೆಯಲ್ಲಿ ಯಾರಿಗಾದರೂ ಇಂಥದ್ದಿತ್ತೇ, ಬದುಕು ಬೇಡ ಅನಿಸಿದ್ದುಂಟೇ ಎಂದು ಒಂದೊಂದಾಗಿ ಕೇಳುತ್ತಾಳೆ. ಜೊತೆಗೆ ಬಂದ ಗಂಡನನ್ನೋ ತಂಗಿಯನ್ನೋ ಬೇರೆಯಾಗಿ ಕೂರಿಸಿ ಮಾತಾಡಿಸುತ್ತಾಳೆ. ಅವರ ಮಾತು ಎಷ್ಟು ನಂಬಬಹುದು ಎಂದು ಬರೆಯುವುದಕ್ಕೂ ಕೇಸ್ ಶೀಟಿನಲ್ಲಿ ಜಾಗವಿದೆ.

ಆಮೇಲೆ ಮೇಲ್ವಿಚಾರಕರ ಕೊಠಡಿ. ಈ ಕಸುಬಿನ ತಿರುಳು ಇರುವುದು ಇಲ್ಲಿ. ರೋಗಿಯ ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರೆ ಅದನ್ನು ಹಾಕಿ ಕೇಳುತ್ತಾರೆ. ಇಲ್ಲದಿದ್ದರೆ ನೆನಪಿನಿಂದ ಬರೆದ ಟಿಪ್ಪಣಿಯನ್ನು ಸಾಲು ಸಾಲಾಗಿ ಓದಿಸುತ್ತಾರೆ. ಒಂದು ಕಡೆ ಆ ತಾಯಿ ಮಗನ ವಿಷಯ ಬಂದಾಗ ಸುಮ್ಮನಾಗಿದ್ದಾರೆ. ಆ ಮೌನ ತಡೆಯಲಾರದೆ ವಿದ್ಯಾರ್ಥಿನಿ ‘ಚಿಂತೆ ಮಾಡ್ಬೇಡಿ ಅಮ್ಮ, ಎಲ್ಲ ಸರಿಹೋಗುತ್ತೆ’ ಎಂದುಬಿಟ್ಟಿದ್ದಾಳೆ. ಮೇಲ್ವಿಚಾರಕರು ರೆಕಾರ್ಡಿಂಗ್ ನಿಲ್ಲಿಸಿ ಕೇಳುತ್ತಾರೆ: ‘ಅವರು ಏನೋ ಹೇಳೋಕೆ ಹೊರಟಿದ್ರು. ನೀನು ಬಾಗಿಲು ಹಾಕಿದೆಯಲ್ಲ, ಯಾಕೆ?’ ಸಮಾಧಾನ ಹೇಳುವ ಆತುರ ಯಾರದು, ರೋಗಿಯದೋ ಚಿಕಿತ್ಸಕರದೋ ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ವಾರ ಆ ತಾಯಿ ಮತ್ತೆ ಸುಮ್ಮನಾದಾಗ ವಿದ್ಯಾರ್ಥಿನಿಯೂ ಸುಮ್ಮನೆ ಕೂರುವುದನ್ನು ಕಲಿತಿರುತ್ತಾಳೆ. ವಾರವಾರವೂ ಹೀಗೆ ತಿದ್ದಿಸಿಕೊಂಡು ಬೆಳೆಯುವುದೇ ಈ ತರಬೇತಿ. ಬೋರ್ಡು ಹಾಕಿಕೊಂಡು ಒಂಟಿಯಾಗಿ ಪ್ರಾಕ್ಟೀಸ್ ಮಾಡುವ ಎಷ್ಟೋ ಅನುಭವಿಗಳ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡುವವರು ಯಾರೂ ಇರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ವಿದ್ಯಾರ್ಥಿಗಳು ಮಾತ್ರೆ ಬರೆಯುವುದಿಲ್ಲ. ಅದು ಮನೋವೈದ್ಯರ ಕೆಲಸ. ಪ್ರಾಣಕ್ಕೆ ಅಪಾಯ ಇದೆ ಅನಿಸಿದ ಕ್ಷಣದಲ್ಲೇ ಹಿರಿಯರನ್ನು ಕರೆಯಬೇಕು ಎಂಬುದು ಅವರಿಗೆ ಮೊದಲ ದಿನದ ಪಾಠ.

ಕಲಿಯುವವರಿಂದಲೇ ಬಡವರಿಗೆ ಚಿಕಿತ್ಸೆ ಕೊಡಿಸುವ ಈ ಕ್ರಮಕ್ಕೆ ನೂರು ವರ್ಷ ದಾಟಿದೆ. ಜೀವ ಉಳಿಸುವ ಶಸ್ತ್ರಚಿಕಿತ್ಸೆಗೆ ಇರುವಷ್ಟೇ ಹಕ್ಕು ಬಡವನಿಗೆ ಮನಸ್ಸಿನ ನೆರವಿಗೂ ಇರಬೇಕು ಎಂದು ಸಿಗ್ಮಂಡ್ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ವಾದಿಸಿದರು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೇ, 1920ರ ಫೆಬ್ರುವರಿಯಲ್ಲಿ, ಅವರ ಶಿಷ್ಯ ಮ್ಯಾಕ್ಸ್ ಐಟಿಂಗನ್ ಬರ್ಲಿನ್‌ನಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಮನೆತನದ ಹಣ ಹಾಕಿ ನಡೆಸಿದರು. ಬಂದವರು ಕೈಲಾದಷ್ಟು ಕೊಡಬಹುದು, ಇಲ್ಲದವರು ಕೊಡಬೇಕಿಲ್ಲ. ಅಲ್ಲಿ ತರಬೇತಿಯಲ್ಲಿದ್ದವರು ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಪಾಠ, ಸ್ವಂತ ಮನಸ್ಸಿನ ಪರಿಶೋಧನೆ, ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಎಂಬ ಮೂರು ಕಾಲುಗಳ ಶಿಕ್ಷಣ ಗಟ್ಟಿಯಾದದ್ದು ಅಲ್ಲಿ.

ನಮ್ಮಲ್ಲಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷದಿಂದಲೇ ಅಲ್ಲಿ ಮನೋವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರಿಗೂ ಡಿಪ್ಲೊಮಾ ತರಬೇತಿ ಆರಂಭವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎರಡು ವರ್ಷದ ಎಂ.ಫಿಲ್. ಆಯಿತು. ಇಂದು ಧಾರವಾಡದ ಡಿಮ್ಹಾನ್ಸ್‌ನಲ್ಲೂ ಮಣಿಪಾಲದಲ್ಲೂ ಇಂಥ ತರಬೇತಿ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ವಿವರಿಸುವಾಗ, ಎರಡು ವರ್ಷದ ಪೂರ್ಣಾವಧಿ ಕೋರ್ಸಿನಲ್ಲಿ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ ಇರಲೇಬೇಕು ಎಂದು ಬರೆದಿಟ್ಟಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಿಂದಾಗಿ ಎಂ.ಫಿಲ್. ಎಂಬ ಹೆಸರು ಈಗ ಹೋಗುತ್ತಿದೆ. ಹೆಸರು ಯಾವುದೇ ಬರಲಿ, ಆ ಷರತ್ತು ಸಡಿಲವಾಗಬಾರದು.

ಕಲಿಯುವವರ ಚಿಕಿತ್ಸೆ ಫಲ ಕೊಡುತ್ತದೆಯೇ? ಇದಕ್ಕೆ ಪಕ್ಕದ ಗೋವೆಯಲ್ಲೇ ಒಂದು ಉತ್ತರ ಸಿಕ್ಕಿದೆ. ಅಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯ ಮೇಲೆ ಅಧ್ಯಯನ ನಡೆಸಿದರು. ಚಿಕಿತ್ಸೆ ಕೊಟ್ಟವರು ಮನಃಶಾಸ್ತ್ರದ ವಿದ್ಯಾರ್ಥಿಗಳೂ ಅಲ್ಲ, ಕೆಲವು ವಾರ ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ, ದಿನಚರಿಯನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಟ್ಟಿಕೊಳ್ಳುವ ಸರಳ ಕ್ರಮ. 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದ ಪ್ರಕಾರ ಮೂರು ತಿಂಗಳ ಹೊತ್ತಿಗೆ ಈ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಅದು 39. ಅಲ್ಲೂ ಸಲಹೆಗಾರರು ತಮ್ಮ ಮಾತುಕತೆಯ ರೆಕಾರ್ಡಿಂಗನ್ನು ಒಟ್ಟಿಗೆ ಕೂತು ಕೇಳಿ, ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ನನಗೆ ಆ ಅಧ್ಯಯನದಲ್ಲಿ ಬಹಳ ಮುಖ್ಯವಾಗಿ ಕಂಡದ್ದು ಈ ತಿದ್ದುವಿಕೆ. ಅದಿಲ್ಲದ ತರಬೇತಿಗೆ ಇಷ್ಟು ಫಲ ಬಂದೀತು ಎಂದು ನಾನು ನಂಬಲಾರೆ.

ಕರ್ನಾಟಕಕ್ಕೂ ಈ ದಾರಿ ಹೊಸದಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಪ್ರಯೋಗದಿಂದ. ಕನ್ನಡದಲ್ಲಿ ಮನಸ್ಸಿನ ಬಗ್ಗೆ ನೂರಾರು ಪುಸ್ತಕ ಬರೆದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತ ಸಲಹಾ ಕೇಂದ್ರ ಕಟ್ಟಿದರು. ಗೃಹಿಣಿಯರು, ನಿವೃತ್ತ ನೌಕರರು, ಶಿಕ್ಷಕರಿಗೆಲ್ಲ ಆಪ್ತ ಸಲಹೆಯ ತರಬೇತಿ ಕೊಟ್ಟರು. ನಮಗೆ ಇನ್ನೂ ಹತ್ತಿರದ ಶಿವಮೊಗ್ಗದಲ್ಲಿ ದಿವಂಗತ ಡಾ. ಅಶೋಕ್ ಪೈ ಅವರ ‘ಮಾನಸ’ ಇದೆ. ಮನೋವೈದ್ಯಕೀಯವನ್ನು ಪುಸ್ತಕ, ಸಿನಿಮಾಗಳ ಮೂಲಕ ಮನೆಮನೆಗೆ ತಂದವರು ಅವರು. ಅವರ ಹೆಸರಿನ ಕಾಲೇಜಿನಲ್ಲಿ ಇಂದು ಮನಃಶಾಸ್ತ್ರ ಕಲಿಸುತ್ತಾರೆ. ತರೀಕೆರೆಯವರಿಗೆ ಅದು ತಾಸಿನ ದಾರಿ.

ಹಾಗಿದ್ದೂ ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಜನ ಈ ಬಾಗಿಲು ತಟ್ಟುತ್ತಾರೆ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ ಇದ್ದ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಕಡೆ ಇದಕ್ಕೆ ಕಾರಣಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕಡೂರಿನ ಬಯಲಿನಲ್ಲಿ ಬೋರು ಬತ್ತಿ, ತೆಂಗು ಒಣಗಿ ಸಾಲ ಉಳಿದವರು, ತರೀಕೆರೆಯ ಅಡಿಕೆ ತೋಟದ ಮನೆಗಳಲ್ಲಿ ಮಕ್ಕಳನ್ನೆಲ್ಲ ಬೆಂಗಳೂರಿಗೆ ಕಳಿಸಿ ಇಬ್ಬರೇ ಉಳಿದ ವೃದ್ಧರು, ಕುಡಿತಕ್ಕೆ ಬಿದ್ದ ಗಂಡನನ್ನು ಸಂಭಾಳಿಸುವವರು, ಪಿಯುಸಿ ಫಲಿತಾಂಶಕ್ಕೆ ಹೆದರಿದ ಮಕ್ಕಳು ಎಲ್ಲ ಬೀದಿಗಳಲ್ಲೂ ಇದ್ದಾರೆ. ಇಂಥವರು ಮೊದಲು ಹೋಗುವುದು ದೇವರ ಹತ್ತಿರ, ಆಮೇಲೆ ಯಂತ್ರ ಕಟ್ಟುವವರ ಹತ್ತಿರ, ಆಮೇಲೆ ಹೊಟ್ಟೆಯ ಡಾಕ್ಟರ ಹತ್ತಿರ. ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ’ ಎಂಬುದನ್ನು ಬೈಗುಳವಾಗಿ ಬಳಸುವ ನಾವೇ ಆ ದಾರಿಯನ್ನು ಅವರಿಗೆ ಕಷ್ಟ ಮಾಡಿದ್ದೇವೆ. ಈ ಮಾತನ್ನು ಮನೆಗಳಲ್ಲಿ, ಶಾಲೆಗಳಲ್ಲಿ ಆಡುವುದು ನಿಲ್ಲಬೇಕು.

ಸಣ್ಣ ಊರಿನಲ್ಲಿ ಇನ್ನೊಂದು ಅಳುಕು: ಹೇಳಿದ್ದು ಊರಿಗೆಲ್ಲ ಗೊತ್ತಾದರೆ? ರೋಗಿಯ ವಿವರ ಗುಟ್ಟಾಗಿಡಬೇಕೆಂಬುದು 2017ರ ಕಾಯ್ದೆಯಲ್ಲೇ ಇದೆ. ಮೇಲ್ವಿಚಾರಕರ ಮುಂದೆ ಚರ್ಚೆಯಾಗುವುದು ನಿಜ, ಅದನ್ನು ಮೊದಲೇ ನಿಮಗೆ ಹೇಳಿರಬೇಕು. ಆದರೆ ಅದು ಆ ಕೊಠಡಿ ದಾಟಬಾರದು. ನೆಂಟರ ಪರಿಚಯವಿಲ್ಲದ, ಬೇರೆ ಊರಿನಿಂದ ಬಂದ ವಿದ್ಯಾರ್ಥಿಯ ಮುಂದೆ ಬಾಯಿ ಬಿಡುವುದು ಎಷ್ಟೋ ಜನರಿಗೆ ಹಗುರವೂ ಹೌದು.

ಈ ವ್ಯವಸ್ಥೆಯ ನಿಜವಾದ ಕೊರತೆ ಬೇರೆಯೇ ಇದೆ. ವಿದ್ಯಾರ್ಥಿಗಳ ಪೋಸ್ಟಿಂಗ್ ಬದಲಾಗುತ್ತದೆ, ಕೋರ್ಸು ಮುಗಿಯುತ್ತದೆ. ಮಗನ ಸಾವಿನ ಬಗ್ಗೆ ಮೊದಲ ಬಾರಿಗೆ ಬಾಯಿ ಬಿಟ್ಟ ತಾಯಿಗೆ, ಮುಂದಿನ ತಿಂಗಳು ಹೊಸ ಹುಡುಗನ ಮುಂದೆ ಮತ್ತೆ ಮೊದಲಿನಿಂದ ಹೇಳು ಎಂದರೆ ಅದು ಕ್ರೂರ. ಒಳ್ಳೆಯ ಕೇಂದ್ರಗಳಲ್ಲಿ ಮುಗಿಯುವ ದಿನವನ್ನು ಮೊದಲ ಭೇಟಿಯಲ್ಲೇ ಹೇಳುತ್ತಾರೆ, ಹೊಸಬರನ್ನು ಹಳಬರ ಜೊತೆಗೆ ಕೂರಿಸಿ ಪರಿಚಯಿಸುತ್ತಾರೆ, ಕಡತವನ್ನು ಸರಿಯಾಗಿ ಒಪ್ಪಿಸುತ್ತಾರೆ. ಇದನ್ನು ಮಾಡದ ಕೇಂದ್ರ, ಫೀಸು ಎಷ್ಟೇ ಕಡಿಮೆ ಇದ್ದರೂ, ಒಳ್ಳೆಯ ಕೇಂದ್ರ ಅಲ್ಲ.

ನಮ್ಮ ತಾಲ್ಲೂಕುಗಳಿಗೆ ಇದನ್ನು ತರುವುದು ಅಸಾಧ್ಯವೇನಲ್ಲ. ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ‘ಮನೋಚೈತನ್ಯ’ ಯೋಜನೆಯ ಉದ್ದೇಶ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವುದು. ವೈದ್ಯರು ರೋಗ ಗುರುತಿಸಿ ಮಾತ್ರೆ ಬರೆಯಬಹುದು. ವಾರವಾರ ಕೂತು ಮಾತಾಡಲು ಅವರಿಂದಾಗದು. ಆ ಮಂಗಳವಾರಕ್ಕೆ ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಇಬ್ಬರು ವಿದ್ಯಾರ್ಥಿಗಳನ್ನು ಪೋಸ್ಟಿಂಗ್ ಮೇಲೆ ಕಳಿಸಿದರೆ, ಅವರ ಮೇಲ್ವಿಚಾರಕರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಸಿಕ್ಕರೆ, ಆಸ್ಪತ್ರೆ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೊಠಡಿ ಬಿಟ್ಟುಕೊಟ್ಟರೆ ಕೆಲಸ ಶುರುವಾಗುತ್ತದೆ. ಬಾಗಿಲಿರುವ ಕೊಠಡಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಇಂಜೆಕ್ಷನ್ ಕೊಡುವ ಕೋಣೆಯ ಮೂಲೆಯಲ್ಲಿ ಪರದೆ ಕಟ್ಟಿದರೆ ಯಾರೂ ಮಾತಾಡುವುದಿಲ್ಲ. ಜಿಲ್ಲಾ ಆರೋಗ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯ ಕೂತು ಒಪ್ಪಂದ ಮಾಡಿಕೊಂಡರೆ ಆಗುವ ಕೆಲಸ ಇದು. ಆ ವಿದ್ಯಾರ್ಥಿಗಳಿಗೂ ಇದರಿಂದ ಲಾಭ. ಪಠ್ಯದಲ್ಲಿ ಓದಿದ ಖಿನ್ನತೆ ಈರುಳ್ಳಿ ದರ ಬಿದ್ದ ಮನೆಯಲ್ಲಿ ಹೇಗೆ ಮಾತಾಡುತ್ತದೆ ಎಂಬುದನ್ನು ಅವರು ಅಜ್ಜಂಪುರದಲ್ಲಲ್ಲದೆ ಬೇರೆಲ್ಲಿ ಕಲಿತಾರು?

ಅಲ್ಲಿಯವರೆಗೆ, ವಿದ್ಯಾರ್ಥಿ ಚಿಕಿತ್ಸಕರ ಮುಂದೆ ಕೂರುವ ಅವಕಾಶ ಬಂದವರು ಸಂಕೋಚ ಬಿಟ್ಟು ಕೇಳಬೇಕು: ನಿಮ್ಮ ಮೇಲ್ವಿಚಾರಕರು ಯಾರು, ಅಗತ್ಯವಿದ್ದರೆ ಅವರನ್ನು ನಾನು ನೋಡಬಹುದೇ, ನೀವು ಎಷ್ಟು ದಿನ ಇರುತ್ತೀರಿ, ಆಮೇಲೆ ನನ್ನನ್ನು ಯಾರಿಗೆ ಒಪ್ಪಿಸುತ್ತೀರಿ? ಚೆನ್ನಾಗಿ ಕಲಿಯುತ್ತಿರುವವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬಿಪಿಎಲ್ ಕಾರ್ಡು ಜೊತೆಗಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ರಿಯಾಯಿತಿ ಸಿಗುತ್ತದೆ. ಹಳೆಯ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಒಯ್ಯಿರಿ. ರೈಲು ಹತ್ತುವಷ್ಟು ತ್ರಾಣವೂ ಇಲ್ಲ, ಇಂದು ರಾತ್ರಿಯೇ ಯಾರೊಂದಿಗಾದರೂ ಮಾತಾಡಬೇಕು ಎನ್ನುವವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.