ಬಸುರಿಯ ತಾಟು, ಕೂಸಿನ ಬುದ್ಧಿ

ಸೋದರಿಯರೇ, ಹೋದ ತಿಂಗಳು ನನ್ನ ಹಿರಿಯ ಮಗಳು ಐದು ತಿಂಗಳ ಬಸುರಿಯಾಗಿ ಕುಮಾರಪಟ್ಟಣದ ನಮ್ಮ ಮನೆಗೆ ಬಂದಳು. ಹಾಸಿಗೆ ಝಾಡಿಸುವಾಗ ತಲೆದಿಂಬಿನ ಕೆಳಗೆ ಏನು ಸಿಕ್ಕಿತು ಗೊತ್ತೇ? ಕಬ್ಬಿಣಾಂಶದ ಗುಳಿಗೆಗಳು. ಇಡೀ ಪಟ್ಟಿಯಲ್ಲಿ ಎರಡೇ ಖಾಲಿ! "ಹೊಟ್ಟಿ ತೊಳಸತೈತಿ, ಹೊರಕಡಿ ಕಪ್ಪಗ ಆಗತೈತಿ, ಅಂಜಿಕಿ ಬಂತವ್ವ" ಅಂದಳು. ಬಯ್ಯಲು ಬಾಯಿ ತೆರೆದವಳು ಸುಮ್ಮನಾದೆ. ಇವಳು ಹೊಟ್ಟೆಯಲ್ಲಿದ್ದಾಗ ಅವೇ ಗುಳಿಗೆಗಳನ್ನು ಹಿತ್ತಲಿಗೆ ಎಸೆದವಳು ನಾನೇ ಅಲ್ಲವೇ?

ಆಗ ಮನೆಯ ಹಿರಿಯರು, "ಭಾಳ ಉಣಬ್ಯಾಡವಾ, ಕೂಸು ದೊಡ್ಡದಾದ್ರ ಹಡಿಯೂದು ತ್ರಾಸ" ಎನ್ನುತ್ತಿದ್ದರು. ಎಲ್ಲರ ಊಟವಾದ ಮೇಲೆ ಉಳಿದದ್ದು ನನಗೆ. ಮಗಳು ಹುಟ್ಟಿದಾಗ ಎರಡೇ ಕಿಲೋ. ದೇವರ ದಯೆ, ಚೂಟಿಯಾಗಿ ಬೆಳೆದಳು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ.

ಮಗುವಿನ ಬುದ್ಧಿ ಶಾಲೆಗೆ ಸೇರಿದ ಮೇಲೆ ಬೆಳೆಯುತ್ತದೆ ಎಂದು ನಾವು ತಿಳಿಯುತ್ತೇವೆ. ಆದರೆ ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮಿದುಳು, ಬೆನ್ನುಹುರಿಯ ಬುನಾದಿಯಾದ ನಾಳ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಆಗ ಬಸುರೆಂಬುದೇ ತಿಳಿದಿರುವುದಿಲ್ಲ! ಒಮ್ಮೆ ಈ ದೋಷದ ಮಗುವನ್ನು ಹೆತ್ತವರಿಗೆ ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಕೊಟ್ಟಾಗ, ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ವೈದ್ಯ ಸಂಶೋಧಕರು 1991ರಲ್ಲಿ ತೋರಿಸಿದರು. ಆದ್ದರಿಂದ ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕೇಳಿ ಈ ಗುಳಿಗೆ ಶುರು ಮಾಡಿರಿ.

ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಗುಳಿಗೆ ದಿನಕ್ಕೊಂದರಂತೆ ಕನಿಷ್ಠ 180 ದಿನ. ಕೂಸಿನ ರಕ್ತಕ್ಕೂ, ಮಿದುಳಿನ ನರಗಳ ಹೊದಿಕೆಗೂ ಕಬ್ಬಿಣಾಂಶ ಬೇಕು. ಮಲ ಕಪ್ಪಗಾಗುವುದು ಗುಳಿಗೆಯ ಗುಣ, ಹೆದರಬೇಡಿ. ಅಯೋಡಿನ್ ತೀರ ಕಡಿಮೆಯಾದರೆ ಮಗುವಿನ ಬುದ್ಧಿ ಮಂದವಾಗಬಹುದು, ಕಿವುಡೂ ಬರಬಹುದು. ಅಯೋಡಿನ್ ಉಪ್ಪನ್ನೇ ತಂದು ಮುಚ್ಚಳದ ಡಬ್ಬಿಯಲ್ಲಿಡಿ.

ಇದಕ್ಕೆಲ್ಲ ದುಬಾರಿ ಡಬ್ಬಿಯ ಪುಡಿ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ರಾಜಗಿರಿ ಸೊಪ್ಪು, ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು. ತಿನ್ನುವವರಿಗೆ ಮೊಟ್ಟೆ, ಮೀನು. ಪಲ್ಯಕ್ಕೆ ಲಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಮಾತ್ರ ಬೇಡ. ಕ್ಯಾಲ್ಸಿಯಂ ಗುಳಿಗೆಯನ್ನೂ ಕಬ್ಬಿಣಾಂಶದ ಜೊತೆ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಗೊತ್ತುಮಾಡಿದ್ದೂ ಇದಕ್ಕೇ. ನಾಚದೆ ಹೋಗಿ ಹೆಸರು ಬರೆಸಿ.

ಮಗಳನ್ನು ಡಾಕ್ಟರರ ಬಳಿ ಕರೆದೊಯ್ದೆ. ಅವರು ಹೇಳಿದಂತೆ ಈಗ ರಾತ್ರಿ ಊಟವಾದ ಮೇಲೆ ಗುಳಿಗೆ ನುಂಗುತ್ತಾಳೆ, ತೊಳಸುವುದು ಕಡಿಮೆಯಾಗಿದೆ. ಮನೆಯಲ್ಲಿ ಮೊದಲ ತಾಟು ಅವಳದೇ. ಏಳನೆಯ ತಿಂಗಳಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ ತರುವುದು ಇದ್ದದ್ದೇ. ಅದಕ್ಕೂ ಮೊದಲು ನಿಮ್ಮ ಮನೆಯ ಬಸುರಿಯ ತಾಟನ್ನೊಮ್ಮೆ ನೋಡಿರಿ, ತಲೆದಿಂಬಿನ ಕೆಳಗೂ ಒಮ್ಮೆ ಕೈಯಾಡಿಸಿರಿ!